ಹಂಚಿಕೆ ನಿಂತ ಮೇಲೆ

ಪರದೆಯ ನಡುವೆ ಸಣ್ಣ ಚೌಕವೊಂದು ತೆರೆದುಕೊಂಡು, ಈ ಹಂಚಿಕೆಯನ್ನು ನಿಜವಾಗಿಯೂ ನಿಲ್ಲಿಸಬೇಕೇ ಎಂದು ಕೇಳಿತು. ಹೌದಾದರೆ ಕೆಳಗಿನ ಖಾಲಿ ಜಾಗದಲ್ಲಿ ‘ಡಿಲೀಟ್’ ಎಂದು ಟೈಪು ಮಾಡಬೇಕಿತ್ತು. ಸುನಂದಾ ಮಾಡಿದಳು. ಅವಸರಕ್ಕೆ ಒಂದಕ್ಷರ ತಪ್ಪಿತು. ಅಳಿಸಿ, ಈ ಸಲ ಒಂದೊಂದೇ ಅಕ್ಷರ ನೋಡಿ ಒತ್ತಿದಳು. ಕೆಳಗೆ ಅಂಗಳದಲ್ಲಿ ಗಂಡ ಸಿದ್ದಲಿಂಗನ ಆಳುಗಳು ಲಿಂಬೆಹಣ್ಣನ್ನು ಗಾತ್ರ ನೋಡಿ ಆರಿಸಿ ಚೀಲಕ್ಕೆ ತುಂಬುತ್ತಿದ್ದರು. ಬಿಸಿಲಿಗೆ ಕಾದ ಸಿಪ್ಪೆಯ ವಾಸನೆ ಮಾಳಿಗೆಯ ಮೇಲಿನ ಅವಳ ಆಫೀಸಿನ ತನಕ ಬರುತ್ತಿತ್ತು. ಚೌಕ ಮುಚ್ಚಿಕೊಂಡಿತು. ಬುಶ್ರಾಳ ಖಾತೆಯ ಎದುರು ‘ಹಂಚಲಾಗಿದೆ’ ಎಂದಿದ್ದ ಸಾಲು ಕಣ್ಣೆದುರೇ ಇಲ್ಲವಾಯಿತು. ಇಷ್ಟು ಸಲೀಸಾಗಿ ಮುಗಿಯುತ್ತದೆಂದು ಅವಳು ಎಣಿಸಿರಲಿಲ್ಲ.

ಸುನಂದಾ ಮತ್ತು ಬುಶ್ರಾ ವಿಜಯಪುರದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಒಂದೇ ಬೆಂಚಿನವರು. ಓದು ಮುಗಿಸಿ ಇಬ್ಬರೂ ಈ ಕಡೆಯೇ ಉಳಿದರು. ಇವಳು ಇಂಡಿಯಲ್ಲಿ, ಅವಳು ಸಿಂದಗಿಯಲ್ಲಿ. ತಾಲೂಕು ಊರುಗಳ ಸಣ್ಣ ದವಾಖಾನೆಗಳಲ್ಲಿ ಎಕ್ಸ್‌-ರೇ ಯಂತ್ರವಿದ್ದರೂ ಚಿತ್ರವನ್ನು ಓದಿ ಹೇಳುವ ತಜ್ಞರಿರಲಿಲ್ಲ. ಆ ಚಿತ್ರಗಳನ್ನು ವಿಜಯಪುರದ ವೈದ್ಯರಿಗೆ ತಲುಪಿಸಿ ಕೂಡಲೇ ವರದಿ ತರಿಸಿಕೊಡುವುದು ಸುನಂದಾಳ ಕೆಲಸ. ರಕ್ತ ಪರೀಕ್ಷೆ ಮಾಡುವ ಲ್ಯಾಬುಗಳ ವರದಿಗಳನ್ನು ವೈದ್ಯರಿಗೂ ರೋಗಿಗಳಿಗೂ ಫೋನಿಗೇ ಮುಟ್ಟಿಸುವುದು ಬುಶ್ರಾಳ ಕೆಲಸ. ಎರಡಕ್ಕೂ ಬೇಕಾದ ಯಂತ್ರಗಳು ಕ್ಲೌಡಿನಲ್ಲಿದ್ದವು, ಅಂದರೆ ಎಲ್ಲೋ ದೂರದ ಕಂಪನಿ ಬಾಡಿಗೆಗೆ ಕೊಡುವ ಕಂಪ್ಯೂಟರುಗಳಲ್ಲಿ. ಅಲ್ಲಿ ಇಬ್ಬರಿಗೂ ಬೇರೆ ಬೇರೆ ಖಾತೆ. ಆದರೆ ದವಾಖಾನೆಗಳಿಂದ ಅಲ್ಲಿಗೆ ಹೋಗುವ ದಾರಿ, ದಾರಿಯ ಬಾಗಿಲು, ಒಳಗಿನ ಓಣಿಗಳೆಲ್ಲ ಒಂದೇ.

ಆ ನೆಟ್‌ವರ್ಕಿನ ನಕ್ಷೆಯನ್ನು ಇಬ್ಬರೂ ಸಿಂದಗಿಯಲ್ಲಿ ಬುಶ್ರಾಳ ಮನೆಯ ಪಡಸಾಲೆಯಲ್ಲಿ ಬೋರಲು ಮಲಗಿ, ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಬರೆದಿದ್ದರು. ಬುಶ್ರಾಳ ತಾಯಿ ಖಾತುನಬಿ ಬಿಸಿ ರೊಟ್ಟಿ ತಂದಿಟ್ಟು, “ಮೊದಲ ಉಣ್ರೆವಾ, ಆಮ್ಯಾಲ ಊರು ಕಟ್ಟರಿ” ಎಂದು ಗದರಿದ್ದಳು. ಸುನಂದಾಳ ಸಂಸ್ಥೆಯ ನೋಂದಣಿ ಮೊದಲಾಗಿತ್ತು. ಅದಕ್ಕೆ ನೆಟ್‌ವರ್ಕು ಅವಳ ಖಾತೆಯಲ್ಲಿ ಹುಟ್ಟಿ, ಅಲ್ಲಿಂದ ಬುಶ್ರಾಳ ಖಾತೆಗೆ ಹಂಚಿಕೆಯಾಯಿತು. ಹಂಚಿಕೆ ಇರುವ ತನಕ ಬುಶ್ರಾ ಅದರೊಳಗೆ ತನ್ನ ಹೊಸ ಯಂತ್ರಗಳನ್ನೂ ಎಬ್ಬಿಸಬಹುದಿತ್ತು. ಯಾವುದು ಯಾರ ಹೆಸರಲ್ಲಿದೆ ಎಂಬ ಪ್ರಶ್ನೆಯೇ ಆಗ ಬಂದಿರಲಿಲ್ಲ.

ಬಂದದ್ದು ಮುದ್ದೇಬಿಹಾಳದಿಂದ. ಅಲ್ಲಿ ಹೊಸದಾಗಿ ತೆರೆದ ದೊಡ್ಡ ದವಾಖಾನೆಯ ವೈದ್ಯರು, ಎಕ್ಸ್‌-ರೇ ಮತ್ತು ರಕ್ತ ಪರೀಕ್ಷೆ ಎರಡರ ವ್ಯವಸ್ಥೆಯನ್ನೂ ಒಟ್ಟಿಗೇ ಕೊಡುವುದಾಗಿ ಹೇಳಿ ಇಬ್ಬರನ್ನೂ ಕರೆದಿದ್ದರು. ಅದೇ ದಿನ ಸಿದ್ದಲಿಂಗನ ತಂಗಿಯನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಮನೆಯ ಸೊಸೆ ಹೊರಗೆ ಹೋಗುವಂತಿರಲಿಲ್ಲ. ಬುಶ್ರಾ ಒಬ್ಬಳೇ ಹೋದಳು. ವೈದ್ಯರಿಗೆ ಅವಳ ಮಾತು ಹಿಡಿಸಿತು. ಎರಡೂ ಕೆಲಸವನ್ನು ಅವಳ ಸಂಸ್ಥೆಯ ಹೆಸರಿಗೇ ಬರೆದುಕೊಟ್ಟರು. ಇದು ಸುನಂದಾಳಿಗೆ ಗೊತ್ತಾದದ್ದು ಒಂದು ವಾರದ ನಂತರ, ಫೋನಿನಲ್ಲಿ ಬೇರೇನೋ ಮಾತಾಡುವಾಗ.

“ಎಕ್ಸ್‌-ರೇದ್ದು ನೀನ ಮಾಡು, ನಾ ಏನ ಅದಕ್ಕ ಕೈ ಹಾಕಂಗಿಲ್ಲ. ಕಾಗದ ನನ್ನ ಹೆಸರಿಗೆ ಐತಿ, ಅಷ್ಟ” ಎಂದಿದ್ದಳು ಬುಶ್ರಾ.

ಆ ‘ಅಷ್ಟ’ ಎಂಬ ಮಾತು ಸುನಂದಾಳಲ್ಲಿ ಮುಳ್ಳಿನಂತೆ ಉಳಿಯಿತು. ಅತ್ತೆಯ ಮನೆಯವರಿಗೆ ಅವಲಕ್ಕಿ ಕಲಸುತ್ತಾ, ಬಂದ ಗಂಡಿನ ತಾಯಿಗೆ ಚಹಾ ಕೊಡುತ್ತಾ ತಾನು ನಿಂತಿದ್ದ ಹೊತ್ತಿನಲ್ಲಿ ಬುಶ್ರಾ ಅಲ್ಲಿ ಕುರ್ಚಿಯ ಮೇಲೆ ಕುಳಿತು ಸುನಂದಾಳ ಕೆಲಸವನ್ನೂ ತನ್ನದೆಂದು ಬರೆಸಿಕೊಂಡಿದ್ದಳು. ಇನ್ನು ಬುಶ್ರಾಳ ಕೈಕೆಳಗೆ ಎಕ್ಸ್‌-ರೇ ಮಾಡಿಕೊಡಬೇಕು. ಜಗಳವಾಡಿದ್ದರೆ ಆಗುತ್ತಿತ್ತು. ಆಡಲಿಲ್ಲ. “ಆತು ಬಿಡು” ಎಂದು ಫೋನಿಟ್ಟಳು. ಮುಂದಿನ ಶನಿವಾರ ಮಧ್ಯಾಹ್ನ ಊಟ ಮಾಡಿ, ಕೈ ತೊಳೆದು, ಮಾಳಿಗೆ ಹತ್ತಿ ಬಂದು ಹಂಚಿಕೆ ನಿಲ್ಲಿಸಿದಳು.

ಸೋಮವಾರ ಬುಶ್ರಾಳ ಫೋನು ಬಂತು. ಹಿಂದೆ ಯಾರೋ ರೋಗಿಗಳ ಹೆಸರು ಕೂಗುತ್ತಿದ್ದರು.

“ಸುನಂದಾ, ಮುದ್ದೇಬಿಹಾಳದಾಗ ಅದೇನಿ. ಹೊಸಾ ಮಷೀನ್ ಎಬ್ಬಸಾಕತ್ತೇನಿ, ಜಾಗಾನ ಕಾಣವಲ್ದು. ಶೇರಿಂಗ್ ಹಾರಿ ಹೋಗೇತೇನ ನೋಡ ಜರಾ.”

“ಹಾರಿಲ್ಲ. ನಾನ ತಗದೇನಿ.”

ಆ ಕಡೆ ಹೆಸರು ಕೂಗುವ ದನಿ ದೂರವಾಯಿತು. ಬುಶ್ರಾ ಹೊರಗೆ ಬಂದಿರಬೇಕು. “ಯಾಕ?”

“ಸೆಕ್ಯುರಿಟಿ. ಒಂದ ಖಾತೇದ್ದು ಇನ್ನೊಬ್ಬರಿಗೆ ತೆರದ ಇಡಬ್ಯಾಡ್ರಿ ಅಂತ ಆಡಿಟರ್ ಅಂದಾರ.” ಆಡಿಟರ್ ಅಂಥದ್ದೇನೂ ಅಂದಿರಲಿಲ್ಲ.

“ಒಂದ ಮಾತ ಹೇಳಾಕ ಬರ್ತಿರಲಿಲ್ಲ ನಿನಗ?”

“ನಿನ್ನ ಹಳೇವು ಒಂದೂ ನಿಂತಿಲ್ಲಲಾ. ಅವು ನಡೀತಾವ.”

“ನಡೀತಾವ. ಅದರಾಗ ಒಂದ ಕೆಟ್ಟರ ಮತ್ತ ಎಬ್ಬಸಾಕ ಬರಂಗಿಲ್ಲ. ನನಗ ಹೇಳ್ತಿಯೇನ ನೀ?” ಬುಶ್ರಾ ಉಸಿರೆಳೆದುಕೊಂಡಳು. “ಆತು. ಒಂದ ತಿಂಗಳ ಕೊಡು. ನಂದ ಬ್ಯಾರೆ ನೆಟ್‌ವರ್ಕ್ ಕಟಗೋತೇನಿ. ಒಂದೊಂದ ದವಾಖಾನಿಗೂ ನಾನ ಹೋಗಿ ಲೈನ್ ತಿರುವಬೇಕು. ಅಲ್ಲೀತನಾ ತೆರದಿಡು.”

“ನೋಡ್ತೇನಿ.”

“ಇದು ಮುದ್ದೇಬಿಹಾಳದ ಸಿಟ್ಟೇನ, ಸುನಂದಾ?”

“ಯಾವ ಸಿಟ್ಟು?” ಎಂದಳು ಸುನಂದಾ. “ಬ್ಯಾರೆ ಫೋನ್ ಬರಾಕತ್ತೇತಿ, ಇಡ್ತೇನಿ.”

ಹಂಚಿಕೆಯನ್ನು ಅವಳು ಮತ್ತೆ ತೆರೆಯಲಿಲ್ಲ. ಇವತ್ತು, ನಾಳೆ ಎನ್ನುತ್ತಾ ದಿನ ಕಳೆದವು. ಬುಶ್ರಾ ಎರಡನೆಯ ಸಲ ಕೇಳಲಿಲ್ಲ. ಕೇಳಿದ್ದರೆ ತೆರೆಯುತ್ತಿದ್ದೆ ಎಂದು ಸುನಂದಾ ತನಗೆ ತಾನೇ ಹೇಳಿಕೊಂಡಳು.

ಬಸವನ ಬಾಗೇವಾಡಿಯ ಶಂಕರೆಪ್ಪ ಬಂದದ್ದು ಆ ದಿನಗಳಲ್ಲೇ. ಮಗನಿಗೆ ಅಲ್ಲಿ ನರ್ಸಿಂಗ್ ಹೋಮ್ ಹಾಕಿಕೊಟ್ಟಿದ್ದ ಹಿರಿಯ. ಸುತ್ತಲಿನ ಊರುಗಳ ವೈದ್ಯರಲ್ಲೂ ಲ್ಯಾಬುಗಳಲ್ಲೂ ಅವನ ಮಾತು ನಡೆಯುತ್ತಿತ್ತು. ಮಸೂತಿ ಎಂಬ ಹಳ್ಳಿಯಲ್ಲಿದ್ದ ತನ್ನ ತೋಟಕ್ಕೆ ಲಿಂಬೆ ಸಸಿ ಒಯ್ಯಲು ಇಂಡಿಗೆ ಬಂದವನು, ಹಾಗೇ ಸಿದ್ದಲಿಂಗನನ್ನು ಕಂಡು ಹೋಗಲು ಮನೆಗೆ ಬಂದ. ಸುನಂದಾ ಚಹಾ ತಂದುಕೊಟ್ಟಾಗ ಅವಳನ್ನು ಕೂರಲು ಹೇಳಿದ.

“ಕೇಳಿದ್ನೆವ್ವಾ. ಆ ಸಿಂದಗಿ ಹುಡುಗಿ ಕೂಡ ಎಲ್ಲಾ ಕಡಕೊಂಡೆಂತ. ಮುದ್ದೇಬಿಹಾಳದಾಗ ಮಂದಿ ಮಾತಾಡಾಕತ್ತಿದ್ರು. ಚಲೋ ಮಾಡಿದಿ.”

“ಯಾರ ಅಂದ್ರಿ ಕಾಕಾ?”

“ಯಾರರೆ ಅನವಲ್ರ್ಯಾಕ. ನಾ ಮೊದಲ ಹೇಳಬೇಕಂತಿದ್ನಿ, ನೀವಿಬ್ಬರು ಗೆಳತೇರು ಅಂತ ಬಾಯಿ ಮುಚಗೊಂಡ ಕುಂತಿದ್ನಿ. ಎಷ್ಟ ಒಳ್ಳೇವರಿದ್ರೂ ಅವರು ಅವರ, ನಾವು ನಾವ. ನಮ್ಮ ಮಂದಿ ರಕ್ತದ ರಿಪೋರ್ಟ್ ಎಲ್ಲಾ ಅವರ ಕೈಯಾಗ ಯಾಕ ಇರಬೇಕು? ನಿನಗರೆ ತಿಳೀತಲ್ಲ.”

ಸುನಂದಾಳಿಗೆ ಒಂದು ಕ್ಷಣ ಅವನು ಏನು ಹೇಳುತ್ತಿದ್ದಾನೆಂದೇ ಹೊಳೆಯಲಿಲ್ಲ. ಹೊಳೆದ ಮೇಲೆ, ಕಾಕಾ, ಅದು ಹಂಗಲ್ರಿ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಆದರೆ ಹಾಗಲ್ಲ ಎಂದರೆ ಮತ್ತೆ ಹೇಗೆ ಎಂದು ಹೇಳಬೇಕಿತ್ತು. ಒಂದು ಕಾಗದದ ಮೇಲಿನ ಹೆಸರಿಗಾಗಿ, ಹೇಳದೆ ಕೇಳದೆ, ಗೆಳತಿಯ ದಾರಿ ಮುಚ್ಚಿದೆ ಎನ್ನಬೇಕಿತ್ತು. ಅದನ್ನು ಹೇಳಿದರೆ ಅವನೆದುರು ಸಣ್ಣವಳಾಗುತ್ತಿದ್ದಳು. ಅವನು ತಾನೇ ಕಟ್ಟಿಕೊಂಡು ಬಂದ ಕಾರಣದಲ್ಲಿ ಅವಳು ಸಣ್ಣವಳಾಗಿರಲಿಲ್ಲ.

“ಚಹಾ ಆರತೈತ್ರಿ ಕಾಕಾ, ತೊಗೋರಿ” ಎಂದಳು.

ಶಂಕರೆಪ್ಪ ಬಸಿಗೆ ಸುರಿದುಕೊಂಡು ಸದ್ದು ಮಾಡಿ ಕುಡಿದ. “ಇನ್ನ ಮ್ಯಾಲ ನಮ್ಮ ರಕ್ತದ ಕೆಲಸಾನೂ ನೀನ ಮಾಡು. ಎಕ್ಸ್‌-ರೇ ಮಾಡಾಕಿಗೆ ಅದೇನ ದೊಡ್ಡದು? ನಾಕ ಮಂದಿಗೆ ನಾನೂ ಹೇಳ್ತೇನಿ” ಎಂದ.

ಅವನು ಹೋದ ಮೇಲೆ ಸಿದ್ದಲಿಂಗ ಅಂಗಳಕ್ಕೆ ಇಳಿದು ಲಿಂಬೆ ಚೀಲಗಳನ್ನು ಎಣಿಸಿ ಬಂದ. ಜಗಳವೆಂದರೆ ಹಿಂಜರಿಯುವ ಮನುಷ್ಯ. ಅಂಗಡಿಗೆ ಹೊರಡುವಾಗ ಚಪ್ಪಲಿ ಮೆಟ್ಟಿಕೊಳ್ಳುತ್ತಾ ಕೇಳಿದ: “ಆ ಕಾರಣಕ್ಕ ಬಿಟ್ಟಿ ಅಂತ ನೀ ಅವಗ ಅಂದಿದ್ದೇನ?”

“ನಾ ಏನೂ ಅಂದಿಲ್ಲ.”

“ಹೌದು, ಅನ್ನಲಿಲ್ಲ. ನಾನೂ ಇಲ್ಲೇ ಕುಂತಿದ್ನಿ” ಎಂದು ಅವನು ಇಳಿದು ಹೋದ. ತಾನೂ ಏನೂ ಅನ್ನಲಿಲ್ಲವೆಂಬುದನ್ನೇ ಹೇಳಿದನೋ ಏನೋ, ಸುನಂದಾಳಿಗೆ ತಿಳಿಯಲಿಲ್ಲ.

ಶಂಕರೆಪ್ಪ ಮಾತು ಉಳಿಸಿಕೊಂಡ. ಬಾಗೇವಾಡಿಯಿಂದ, ಆಮೇಲೆ ಇಂಡಿಯಿಂದಲೇ ಲ್ಯಾಬಿನವರು ಫೋನು ಮಾಡತೊಡಗಿದರು. ಯಾರೂ ಕಾರಣವನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. “ನಿಮಗ ಗೊತ್ತ ಐತೆಲ್ರಿ” ಎನ್ನುತ್ತಿದ್ದರು, ಇಲ್ಲವೆ ಸುಮ್ಮನೆ ನಗುತ್ತಿದ್ದರು. ಸುನಂದಾ ರಕ್ತದ ವರದಿಗಳಿಗೂ ವ್ಯವಸ್ಥೆ ಮಾಡಿಕೊಂಡಳು. ಕಷ್ಟವೇನಾಗಲಿಲ್ಲ. ಬುಶ್ರಾ ಅದನ್ನು ಹೇಗೆ ಕಟ್ಟಿದ್ದಳೆಂದು ಅವಳಿಗೆ ಒಳಗೂ ಹೊರಗೂ ಗೊತ್ತಿತ್ತು. ಎಷ್ಟೋ ಕಡೆ ತಾನೇ ಕೈಜೋಡಿಸಿದ್ದಳು.

ಬುಶ್ರಾ ಈ ನಡುವೆ ದಿನವೂ ಬಸ್ಸಿನಲ್ಲಿ ಒಂದೊಂದು ಊರಿಗೆ ಹೋಗಿ ಲೈನನ್ನು ತನ್ನ ಹೊಸ ನೆಟ್‌ವರ್ಕಿಗೆ ತಿರುಗಿಸುತ್ತಿದ್ದಾಳೆಂದು ಸುದ್ದಿ ಬರುತ್ತಿತ್ತು. ಎಲ್ಲ ತಿರುಗಿಸಿ ಮುಗಿಯುವ ಮೊದಲೇ ಒಂದು ದಿನ ಆಲಮೇಲದ ಲ್ಯಾಬಿನ ವರದಿಗಳನ್ನು ನೋಡಿಕೊಳ್ಳುತ್ತಿದ್ದ ಅವಳ ಯಂತ್ರ ಕೆಟ್ಟು ನಿಂತಿತು. ಹಳೆಯ ನೆಟ್‌ವರ್ಕಿನಲ್ಲಿ ಇನ್ನೊಂದನ್ನು ಎಬ್ಬಿಸಲು ಅವಳಿಗೆ ಬರುತ್ತಿರಲಿಲ್ಲ. ಊಟದ ಹೊತ್ತಿಗೆ ಸುನಂದಾಳ ಫೋನಿಗೆ ಸಂದೇಶ ಬಂತು. ‘ಆಲಮೇಲದ್ದು ಬಿದ್ದೈತಿ. ಒಂದ ತಾಸ ಶೇರಿಂಗ್ ತೆರದಿಡು. ಎಬ್ಬಿಸಿಕೊಂಡ ತಕ್ಷಣ ಮುಚ್ಚು. ನಿನಗ ಕೈ ಮುಗೀತೇನಿ.’

ಎದುರಿಗೆ ಹೊಸ ಲ್ಯಾಬಿನವರು ಕುಳಿತಿದ್ದರು. ಸುನಂದಾ ಸಂದೇಶ ಓದಿ ಫೋನನ್ನು ಮಗುಚಿಟ್ಟಳು. ಅವರು ಎದ್ದು ಹೋದ ಮೇಲೂ ಅದನ್ನು ತಿರುಗಿಸಲಿಲ್ಲ. ಕೈ ಮುಗಿಯುತ್ತೇನೆ ಎಂಬ ಮಾತನ್ನು ಇನ್ನೊಮ್ಮೆ ಓದುವುದು ಬೇಡವಾಗಿತ್ತು. ಸಂಜೆ ಮುಂದೆ ‘ಈಗ ನೋಡಿದೆ’ ಎಂದು ಬರೆದು ಹಂಚಿಕೆ ತೆರೆಯಲು ಕುಳಿತಾಗ ಆಲಮೇಲದ ಲ್ಯಾಬಿನ ಮಾಲೀಕ ಮೋದಿನಸಾಬನೇ ಫೋನು ಮಾಡಿದ.

“ಮೇಡಂ, ಮುಂಜಾನಿಂದ ರಿಪೋರ್ಟ್ ನಿಂತಾವ್ರಿ. ಮೋರಟಗಿದೊಂದು ಬಾಣಂತಿ ಹೆಣಮಗಳದು ರಕ್ತ ಭಾಳ ಕಡಿಮಿ ಬಂದಿತ್ತು, ಸಿಂದಗಿ ಡಾಕ್ಟರಿಗೆ ಹೋಗಲಿಲ್ಲ. ಆಕಿ ಗಂಡ ಬಸ್ಸಿನ್ಯಾಗ ಬಂದು ಕಾಗದ ಒಯ್ದ. ಜೀವಕ್ಕ ಏನ ಆಗಿಲ್ಲ, ನಸೀಬ. ಬುಶ್ರಾ ಮೇಡಂ ಅಳಾಕ ಬಂದಿದ್ರು ಫೋನಿನ್ಯಾಗ. ನನಗ ಕೆಟ್ಟ ಅನಸ್ತೈತಿ, ಆದ್ರ ನನಗ ರಿಪೋರ್ಟ್ ಹೋಗಬೇಕ್ರಿ. ನೀವ ತೊಗೋರಿ ನಂದು.”

“ಆತ್ರಿ” ಎಂದಳು ಸುನಂದಾ.

“ಇನ್ನೊಂದ್ರಿ. ಇಲ್ಲಿ ಮಂದಿ ಏನೇನೋ ಅನ್ನಾಕತ್ತಾರ, ನಮ್ಮವರು ಅಂತ ನೀವು ಅವರನ್ನ ಬಿಟ್ರಿ ಅಂತ. ನಾ ಒಪ್ಪಲಿಲ್ರಿ. ಆ ಮೇಡಂ ಹಂಗಲ್ಲ, ಖಾತುನಬಿ ಕೈಯಾಗ ಉಂಡಾಕಿ, ಬ್ಯಾರೆ ಏನೋ ಇರಬೇಕು ಅಂತ ಜಗಳಾ ಮಾಡಿ ಬಂದೇನಿ.”

ಫೋನಿಟ್ಟ ಮೇಲೆ ಸುನಂದಾ ಪರದೆಯನ್ನು ನೋಡುತ್ತಾ ಕುಳಿತಳು. ಹಂಚಿಕೆ ತೆರೆಯುವುದರಲ್ಲಿ ಇನ್ನೇನೂ ಅರ್ಥ ಉಳಿದಿರಲಿಲ್ಲ.

ಮರುದಿನ ಅವಳು ಸಿಂದಗಿಗೆ ಹೋದಳು. ಬಾಗಿಲು ತೆರೆದ ಖಾತುನಬಿ ಒಂದು ಕ್ಷಣ ದಾರಿ ಬಿಡದೆ ನಿಂತು, ಆಮೇಲೆ “ಬಾ” ಎಂದು ಒಳಗೆ ಹೋದಳು. ಪಡಸಾಲೆಯ ನೆಲದ ಮೇಲೆ ವೈರುಗಳನ್ನು ಹರಡಿಕೊಂಡು ಬುಶ್ರಾ ಕುಳಿತಿದ್ದಳು. ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು. ಖಾತುನಬಿ ಹೂವಿನ ಚಿತ್ತಾರದ ಕಪ್ಪುಬಸಿಯಲ್ಲಿ ಚಹಾ ತಂದು ಸುನಂದಾಳ ಮುಂದೆ ಸ್ಟೂಲಿನ ಮೇಲಿಟ್ಟಳು. ಕಪಾಟಿನಿಂದ ಆ ಕಪ್ಪುಗಳು ಹೊರಬರುತ್ತಿದ್ದದ್ದು ಹೊರಗಿನವರು ಬಂದಾಗ ಮಾತ್ರ.

“ನಾ ಹಂಗ ಅಂದಿಲ್ಲ, ಬುಶ್ರಾ” ಎಂದಳು ಸುನಂದಾ. “ಖರೇನ, ಒಬ್ಬರಿಗೂ ಒಂದ ಮಾತ ಅಂದಿಲ್ಲ.”

“ಗೊತ್ತೈತಿ.” ಬುಶ್ರಾ ತಲೆಯೆತ್ತಲಿಲ್ಲ. “ಅಂದಿದ್ದರ ಆ ದಿನಾನ ಬಂದು ನಿನ್ನ ಕೂಡ ಜಗಳಾ ಆಡ್ತಿದ್ನಿ. ನೀ ಅನ್ನಲಿಲ್ಲ. ಅವರು ಅಂದಾಗ ಕೇಳಿಸ್ಕೊಂಡ ಕುಂತಿ.”

“ಮುದ್ದೇಬಿಹಾಳದ್ದು ನನಗ ಭಾಳ ಹತ್ತಿತ್ತು.”

“ಹತ್ತಬೇಕ. ಆ ದಿನಾನ ನಾ ನಿನಗ ಫೋನ್ ಮಾಡಬೇಕಿತ್ತು. ನಿನ್ನ ಹೆಸರ ಹಾಕ್ಲಿಲ್ಲಂದ್ರ ಕಾಗದ ಒಲ್ಲೆ ಅನ್ನಬೇಕಿತ್ತು. ಆಶಾ ಆತು, ಅನ್ನಲಿಲ್ಲ. ಮಾರಿ ತೋರಸಾಕ ನಾಚಿಕಿಯಾಗಿ ಒಂದ ವಾರ ಸುಮ್ಮ ಕುಂತ್ನಿ.” ಬುಶ್ರಾ ವೈರನ್ನು ಕೆಳಗಿಟ್ಟಳು. “ಅದಕ್ಕ ನೀ ನನ್ನ ಬಾಯಿಗೆ ಬಂದಂಗ ಬೈಬೇಕಿತ್ತು. ವರ್ಷಗಟ್ಲೆ ಮಾತ ಬಿಡಬೇಕಿತ್ತು. ಅದು ನಮ್ಮಿಬ್ಬರ ಜಗಳ ಇತ್ತು, ಸುನಂದಾ. ಅದನ್ನೂ ನೀ ಅವರಿಗೆ ಕೊಟ್ಟಬಿಟ್ಟಿ.”

ಒಳಗೆ ಖಾತುನಬಿ ಪಾತ್ರೆ ತೊಳೆಯುವ ಸದ್ದು ನಿಂತಿತು.

“ಅಮ್ಮಿ ಕೇಳ್ತಾಳ, ಸುನಂದಾನೂ ಹಂಗ ಅನ್ನಾಕಿ ಅದಾಳೇನ ಅಂತ. ಏನ ಹೇಳ್ಲಿ?”

“ಶೇರಿಂಗ್ ಇವತ್ತ ಮತ್ತ ತೆರೀತೇನಿ. ಎಲ್ಲಾ ಮೊದಲಿನಂಗ...”

“ಬ್ಯಾಡ. ನಂದ ನಾ ಕಟ್ಟೇನಿ, ಸ್ವಲ್ಪ ಉಳದೈತಿ. ಬಾಗೇವಾಡಿಗೆ ಹೋಗು. ಶಂಕರೆಪ್ಪಗ ಹೇಳು, ಯಾಕ ಬಿಟ್ಟಿ ಅಂತ. ನಂದ ಎಷ್ಟ ತಪ್ಪ ಐತೋ ಅಷ್ಟೂ ಹೇಳು, ಕಡಿಮಿ ಮಾಡಬ್ಯಾಡ. ಇದ್ದದ್ದ ಇದ್ದಂಗ ಹೇಳಿದ್ರ ಸಾಕ ನನಗ.”

“ಹೇಳ್ತೇನಿ” ಎಂದಳು ಸುನಂದಾ. ಆ ಹೊತ್ತಿಗೆ ಅದು ನಿಜವೇ ಆಗಿತ್ತು. ಚಹಾ ಕುಡಿದು, ಕಪ್ಪನ್ನು ತಾನೇ ಒಳಗಿಡಲು ಎದ್ದಳು. ಖಾತುನಬಿ ಬಂದು, “ಇರಲಿ, ಇರಲಿ” ಎಂದು ಅವಳ ಕೈಯಿಂದ ತೆಗೆದುಕೊಂಡಳು.

ಅದೇ ವಾರ ಶಂಕರೆಪ್ಪ ತನ್ನ ಮನೆಗೆ ಬಾಗೇವಾಡಿಯ ಕೆಲವು ವೈದ್ಯರನ್ನು ಕರೆದಿದ್ದ, ಸುನಂದಾಳನ್ನು ಅವರಿಗೆ ಪರಿಚಯಿಸಲೆಂದು. ಅವಳು ಇಳಕಲ್ ಸೀರೆ ಉಟ್ಟು ಹೋದಳು. ಬಸ್ಸಿನಲ್ಲಿ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದಳು. ಕಾಕಾ, ನೀವು ತಿಳಕೊಂಡಂಗ ಅಲ್ರಿ. ನನಗ ಹೊಟ್ಟಿಕಿಚ್ಚ ಆಗಿತ್ತು, ಅದಕ್ಕ ಬಿಟ್ನಿ. ಅದರಾಗ ಬ್ಯಾರೆ ಏನೂ ಇಲ್ಲ. ಮೂರೇ ಮಾತು. ದಾರಿಯುದ್ದಕ್ಕೂ ಅವು ಸಲೀಸಾಗಿಯೇ ಬರುತ್ತಿದ್ದವು.

ವೈದ್ಯರು ಆಗಲೇ ಬಂದು ಕುಳಿತಿದ್ದರು. ಫ್ಯಾನು ಜೋರಾಗಿ ತಿರುಗುತ್ತಿತ್ತು. ಶಂಕರೆಪ್ಪ ಅವಳಿಗೆ ತನ್ನ ಪಕ್ಕದ ಕುರ್ಚಿ ತೋರಿಸಿದ.

“ಇಕಿ ನೋಡ್ರಿ, ನಾ ಹೇಳಿದ ಹುಡುಗಿ. ಕಲತಾಕಿ ಅದಾಳ, ಧೈರ್ಯಾನೂ ಐತಿ. ಅವರ ಕೂಡ ಇದ್ದದ್ದನ್ನ ಒಂದ ಸಲಕ್ಕ ಕಡದ ಹೊರಗ ಬಂದಾಕಿ.”

ವೈದ್ಯರಲ್ಲಿ ಒಬ್ಬರು ನಕ್ಕು ತಲೆಯಾಡಿಸಿದರು. ಇನ್ನೊಬ್ಬರು ಫೋನು ನೋಡುವುದನ್ನು ಬಿಟ್ಟು ಅವಳ ಕಡೆ ನೋಡಿದರು.

“ಕಾಕಾ, ಅದರ ಬಗ್ಗೆ ಒಂದ ಮಾತ ಹೇಳೂದಿತ್ರಿ” ಎಂದಳು ಸುನಂದಾ.

“ಹೇಳವ್ವಾ. ಇಲ್ಲಿ ಎಲ್ಲಾ ನಮ್ಮವರ ಅದಾರ.”

ಎಲ್ಲರೂ ಕಾದರು. ಶಂಕರೆಪ್ಪನ ಮುಖದಲ್ಲಿ ಅವಳ ಬಗ್ಗೆ ನಿಜವಾದ ಹೆಮ್ಮೆಯಿತ್ತು. ಅವಳ ತಂದೆ ಕೂಡ ಹಾಗೆ ಅವಳನ್ನು ನಾಲ್ಕು ಜನರ ಮುಂದೆ ಕೂರಿಸಿ ಹೊಗಳಿರಲಿಲ್ಲ. ಸುನಂದಾ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

“ನಿಮ್ಮ ಲ್ಯಾಬಿನ ಪ್ರಿಂಟರಿಗೆ ಬ್ಯಾರೆ ಲೈನ್ ಬೇಕಾಗತೈತ್ರಿ. ಹಳೇದು ಸಾಲಂಗಿಲ್ಲ” ಎಂದಳು.

“ಅಷ್ಟ ಹೌದಲ್ಲ? ಹಾಕಸೂಣಂತ” ಎಂದು ಶಂಕರೆಪ್ಪ ನಕ್ಕ. ವೈದ್ಯರೂ ನಕ್ಕರು. ಮಾತು ಯಂತ್ರಗಳಿಗೆ, ಅಲ್ಲಿಂದ ಈ ಸಲದ ತೊಗರಿಗೆ ಹೊರಳಿತು.

ಹೊರಡುವಾಗ ಶಂಕರೆಪ್ಪನ ಹೆಂಡತಿ ಶಂಕ್ರೆವ್ವ ಅವಳನ್ನು ಒಳಮನೆಗೆ ಕರೆದೊಯ್ದಳು. ಮನೆಮಗಳು ಮೊದಲ ಸಲ ಬಂದಾಳ, ಬರಿಗೈಲೆ ಕಳಿಸುವುದು ಹೇಗೆ ಎಂದು ಮಣೆ ಹಾಕಿ ಕೂರಿಸಿ, ಹಣೆಗೆ ಕುಂಕುಮ ಹಚ್ಚಿದಳು. ಸೆರಗು ಒಡ್ಡಲು ಹೇಳಿ ಉಡಿ ತುಂಬತೊಡಗಿದಳು. ಕುಪ್ಪಸದ ಕಣ, ತೆಂಗಿನಕಾಯಿ, ಎಲೆ ಅಡಿಕೆ, ಅರಿಸಿನ ಕೊಂಬು. ಬೊಗಸೆಯಿಂದ ಅಕ್ಕಿ ಸುರಿಯುತ್ತಿದ್ದಾಗ ಪಕ್ಕದ ಕಟ್ಟೆಯ ಮೇಲೆ ಸುನಂದಾ ಇಟ್ಟಿದ್ದ ಫೋನು ಬೆಳಗಿತು. ಎರಡೂ ಕೈಗಳಲ್ಲಿ ಸೆರಗು ಹಿಡಿದಿದ್ದರಿಂದ ಅದನ್ನು ಎತ್ತಿಕೊಳ್ಳಲಾಗಲಿಲ್ಲ. ಬಗ್ಗಿ ಓದಿದಳು. ಬುಶ್ರಾಳ ಸಂದೇಶ.

‘ಸುನಂದಾ ಮೇಡಂ, ನಮ್ಮವು ಎಲ್ಲಾ ತಗದೇವ್ರಿ. ಒಳಗ ಏನೂ ಉಳದಿಲ್ಲ. ಇನ್ನ ಆ ನೆಟ್‌ವರ್ಕ್ ನೀವು ಯಾವಾಗ ಬೇಕಾದ್ರೂ ಅಳಸಬಹುದ್ರಿ.’

ಕಾಲೇಜಿನ ಮೊದಲ ದಿನದಿಂದ ಅವರಿಬ್ಬರ ನಡುವೆ ಒಮ್ಮೆಯೂ ‘ರಿ’ ಬಂದಿರಲಿಲ್ಲ.

“ಸೆರಗ ಬಿಗಿ ಹಿಡಿ ತಂಗಿ” ಎಂದಳು ಶಂಕ್ರೆವ್ವ. “ಅಕ್ಕಿ ಚೆಲ್ಲಾಕತ್ತಾವ.”

ಫೋನಿನ ಬೆಳಕು ಆರಿತು. ಸುನಂದಾ ಸೆರಗನ್ನು ಇನ್ನಷ್ಟು ಒಡ್ಡಿ ಹಿಡಿದಳು. ಶಂಕ್ರೆವ್ವ ಮತ್ತೊಂದು ಬೊಗಸೆ ತುಂಬಿಕೊಂಡಳು.